42ರಲ್ಲಿ ಮತ್ತೆ ಕಾಲೇಜು: ಓರಿಯೆಂಟೇಶನ್ ವಾರ ತಪ್ಪಿಸಿದರೆ ನಡೆಯುತ್ತದಾ?

ಕಕ್ಕಬ್ಬೆ_ಅಕ್ಕ · ಆಗಸ್ಟ್ 11

ಕರೆಂಟ್ ಹೋಗಿ ಇವತ್ತಿಗೆ ಮೂರು ದಿನ. ಫೋನಿನಲ್ಲಿ 23 ಪರ್ಸೆಂಟ್ ಚಾರ್ಜ್ ಉಳಿದಿದೆ. ನೇರವಾಗಿ ವಿಷಯಕ್ಕೆ ಬರುತ್ತೇನೆ.

ನನಗೆ 42 ವಯಸ್ಸು. ಪೊನ್ನಂಪೇಟೆ ಅರಣ್ಯ ಕಾಲೇಜಿನಲ್ಲಿ ಬಿಎಸ್ಸಿ ಮುಗಿಸಿದ್ದು 2005ರಲ್ಲಿ. ಆಮೇಲೆ ಮದುವೆ, ತೋಟ, ಮಗ. ಮಗ ಈಗ ಮೈಸೂರಿನಲ್ಲಿ ಪಿಯುಸಿ. ಬ್ರಿಟನ್ನಿನ ಉತ್ತರ ವೇಲ್ಸ್‌ನ ಒಂದು ಯೂನಿವರ್ಸಿಟಿಯಲ್ಲಿ ಅಗ್ರೋಫಾರೆಸ್ಟ್ರಿ, ಅಂದರೆ ಬೆಳೆಯ ಜೊತೆ ಮರ ಬೆಳೆಸುವ ಶಾಸ್ತ್ರ, ಅದರ ಎಂಎಸ್ಸಿಗೆ ಸೀಟು ಸಿಕ್ಕಿದೆ. ಒಂದು ವರ್ಷದ ಕೋರ್ಸ್. ವೀಸಾ ಕೂಡ ಬಂತು. ಟಿಬಿ ಟೆಸ್ಟ್, ಬ್ಯಾಂಕಿನಲ್ಲಿ 28 ದಿನ ಅಲುಗಾಡದೆ ಇಟ್ಟ ದುಡ್ಡು, ಆಸ್ಪತ್ರೆ ಸರ್‌ಚಾರ್ಜ್ ಅಂತ 1,164 ಪೌಂಡ್, ಎಲ್ಲ ಆಯಿತು. 'ಇಷ್ಟು ವರ್ಷ ಬಿಟ್ಟು ಈಗ ಯಾಕೆ ಓದು' ಅಂತ ವೀಸಾದವರು ವಿಡಿಯೋ ಇಂಟರ್‌ವ್ಯೂನಲ್ಲಿ ಕೇಳಿದರು. ನಮ್ಮ ಅತ್ತೆ ಅದನ್ನೇ ದಿನಕ್ಕೆ ಎರಡು ಸಲ ಕೇಳುವುದರಿಂದ ಉತ್ತರ ಬಾಯಿಪಾಠವಾಗಿತ್ತು.

ಸಮಸ್ಯೆ ಈಗ. ಓರಿಯೆಂಟೇಶನ್ ವಾರ ಸೆಪ್ಟೆಂಬರ್ 22ರಿಂದ. ಕ್ಲಾಸು 29ರಿಂದ. ಇಲ್ಲಿ ಗಂಡನಿಗೆ ಮೊಣಕಾಲಿನ ಆಪರೇಷನ್ ಆಗಿದೆ, ತೋಟದ ಇಳಿಜಾರಿನಲ್ಲಿ ಇಳಿಯುವ ಹಾಗಿಲ್ಲ. ಮಳೆ ಸ್ವಲ್ಪ ಬಿಟ್ಟ ಕೂಡಲೇ ಕರಿಮೆಣಸಿಗೆ ಎರಡನೇ ಸುತ್ತು ರೋಗ ತಡೆಯುವ ಬೋರ್ಡೋ ದ್ರಾವಣ ಹೊಡೆಸಬೇಕು. ಈ ವರ್ಷ ನೀರು ನಿಂತ ಜಾಗದಲ್ಲೆಲ್ಲ ಸೊರಗು ರೋಗ ಶುರುವಾಗಿದೆ. ಅರೇಬಿಕಾ ಇರುವ ಎರಡು ಎಕರೆಯಲ್ಲಿ ಕಾಂಡ ಕೊರಕ ಹುಡುಕಿಸಬೇಕು. ತೋಟದ ಕೆಲಸ ನೋಡಿಕೊಳ್ಳುವ ರೈಟರ್ ಹೊಸಬ. ಒಂದು ವಾರ ತಡವಾಗಿ, ಕ್ಲಾಸಿನ ಹೊತ್ತಿಗೆ ಸರಿಯಾಗಿ ಹೋದರೆ ಸಾಕಾ?

ಇನ್ನೊಂದು ಕಾರಣವೂ ಇದೆ. ಅವರು ಕಳಿಸಿದ ಪಟ್ಟಿಯಲ್ಲಿ ಕ್ಯಾಂಪಸ್ ಟ್ರೆಷರ್ ಹಂಟ್, ಪಿಜ್ಜಾ ನೈಟ್, ಸೈಲೆಂಟ್ ಡಿಸ್ಕೋ ಅಂತೆಲ್ಲ ಇದೆ. ಸೈಲೆಂಟ್ ಡಿಸ್ಕೋ ಅಂದರೆ ಎಲ್ಲರೂ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಕುಣಿಯುವುದು ಅಂತ ಮಗ ಹೇಳಿದ. 'ಅಮ್ಮ ನೀನು ಹೋಗಲೇಬೇಕು' ಅಂತ ನಕ್ಕು ನಕ್ಕು ಬಿದ್ದ. ನನಗೆ ನಗು ಬರಲಿಲ್ಲ.

ನಡುವಯಸ್ಸಿನಲ್ಲಿ ಹೊರದೇಶಕ್ಕೆ ಓದಲು ಹೋದವರು ಯಾರಾದರೂ ಇದ್ದರೆ ಹೇಳಿ. ಆ ವಾರ ಬೇಕಾ, ಬೇಡವಾ?

---

ಬೇತ್ರಿ_ಸೇತುವೆ · ಆಗಸ್ಟ್ 11

ಅಕ್ಕ, ಎರಡು ಬೇರೆ ವಿಷಯಗಳನ್ನು ನೀವು ಒಂದೇ ಮಾಡುತ್ತಿದ್ದೀರಿ. ಓರಿಯೆಂಟೇಶನ್ ಬೇರೆ, ಎನ್‌ರೋಲ್‌ಮೆಂಟ್ ಅಂದರೆ ದಾಖಲಾತಿ ಬೇರೆ. ಪಿಜ್ಜಾ ತಿನ್ನದಿದ್ದರೆ ಯಾರೂ ಕೇಳುವುದಿಲ್ಲ. ಎನ್‌ರೋಲ್ ಆಗದಿದ್ದರೆ ಕೇಳುತ್ತಾರೆ. ವೀಸಾದಲ್ಲಿ ನಿಮ್ಮನ್ನು ಸ್ಪಾನ್ಸರ್ ಮಾಡಿರುವುದು ಯೂನಿವರ್ಸಿಟಿ. ನೀವು ಬರಲಿಲ್ಲ ಅಂದರೆ ಅವರು ವೀಸಾ ನೋಡಿಕೊಳ್ಳುವ ಸರ್ಕಾರಿ ಇಲಾಖೆ ಹೋಮ್ ಆಫೀಸ್‌ಗೆ ವರದಿ ಮಾಡಲೇಬೇಕು. ತಡವಾಗಿ ಬರುವುದಾದರೆ ಕೊನೆಯ ದಿನ ಯಾವುದು ಅಂತ ಈಗಲೇ ಬರೆದು ಕೇಳಿ. ಉತ್ತರ ಇಮೇಲ್‌ನಲ್ಲೇ ಇರಲಿ. ಫೋನಿನಲ್ಲಿ 'ಪರವಾಗಿಲ್ಲ' ಅಂದಿದ್ದನ್ನು ನಂಬಬೇಡಿ.

ಕೋರ್ಸ್ ಶುರುವಾಗುವ ಒಂದು ತಿಂಗಳು ಮುಂಚೆಯೇ ನೀವು ಅಲ್ಲಿಗೆ ಹೋಗಬಹುದು. ನಾನು 2023ರಲ್ಲಿ ಹೋದಾಗ ಸುಮ್ನೆ ಹಟ ಮಾಡಿ ಕೊನೆಯ ದಿನ ಇಳಿದೆ. ಬ್ಯಾಂಕ್ ಖಾತೆಗೆ ಪತ್ರ, ಡಾಕ್ಟರ್ ಹತ್ತಿರ ನೋಂದಣಿ, ಐಡಿ ಕಾರ್ಡ್, ಎಲ್ಲ ಕ್ಲಾಸಿನ ನಡುವೆ ಓಡಿಕೊಂಡು ಮಾಡಿಸಿದ್ದಾಯಿತು. ಮೊದಲ ಅಸೈನ್‌ಮೆಂಟ್ ಬರೆದದ್ದು ಬಸ್ಸಿನಲ್ಲಿ.

ಕೊಡಗಿನವರಿಗೆ ಮುಖ್ಯವಾದದ್ದು ಒಂದಿದೆ. ಡಿಗ್ರಿ ಸರ್ಟಿಫಿಕೇಟ್‌ನಲ್ಲಿ ತವರಿನ ಮನೆ ಹೆಸರು, ಪಾಸ್‌ಪೋರ್ಟ್‌ನಲ್ಲಿ ಗಂಡನ ಮನೆ ಹೆಸರು ಇದ್ದರೆ ಮದುವೆ ಸರ್ಟಿಫಿಕೇಟ್‌ನ ಒರಿಜಿನಲ್ ಕೈಚೀಲದಲ್ಲೇ ಇರಲಿ. ನನ್ನ ಹೆಂಡತಿ ಇದರಲ್ಲಿ ಸಿಕ್ಕಿಹಾಕಿಕೊಂಡಿದ್ದಳು.

---

ಸೋಮವಾರಪೇಟೆ_ಸಂತೆ · ಆಗಸ್ಟ್ 12

ನಾನು 36ರಲ್ಲಿ ಅಮೆರಿಕಕ್ಕೆ ಹೋದವನು. ಅಲ್ಲಿಯ ಲೆಕ್ಕ ಬೇರೆ, ನಿಮ್ಮದಕ್ಕೆ ಬೆರೆಸಬೇಡಿ. ಅಲ್ಲಿ ಕೋರ್ಸಿಗೆ 30 ದಿನ ಇರುವಾಗಷ್ಟೇ ದೇಶದೊಳಗೆ ಬಿಡುತ್ತಾರೆ. ಕೋರ್ಸ್ ಶುರುವಾದ 30 ದಿನದೊಳಗೆ ಕಾಲೇಜಿನವರು ಸೆವಿಸ್ ಎಂಬ ಸರ್ಕಾರಿ ಕಂಪ್ಯೂಟರಿನಲ್ಲಿ ನಮ್ಮನ್ನು ದಾಖಲಿಸಬೇಕು. ಬೇರೆ ದೇಶದವರಿಗೆ ನಡೆಯುವ ವೀಸಾ ಸಭೆಗೆ ನಮ್ಮಲ್ಲಿ ಹಾಜರಿ ಕಡ್ಡಾಯವಿತ್ತು.

ಆ ಸಭೆಗೆ ಹೋದೆ. ಮಿಕ್ಕಿದ್ದೆಲ್ಲ ಮಕ್ಕಳಾಟ ಅಂತ ರೂಮಿನಲ್ಲಿ ಮಲಗಿದೆ. ಫಲ ಏನು ಗೊತ್ತಾ? ಎರಡು ವಾರ ನನಗೆ ಕ್ಲಾಸ್‌ರೂಮೇ ಸಿಗುತ್ತಿರಲಿಲ್ಲ. ಕಟ್ಟಡದ ನಂಬರು ಒಂದು ಕಡೆ, ಬಾಗಿಲು ಇನ್ನೊಂದು ಕಡೆ. ಉಳಿದವರು ಆಗಲೇ ಗುಂಪು ಕಟ್ಟಿಕೊಂಡು ಗ್ರೂಪ್ ಪ್ರಾಜೆಕ್ಟ್ ಹಂಚಿಕೊಂಡಿದ್ದರು. ಕೊನೆಗೆ ಯಾರಿಗೂ ಬೇಡವಾದ ವಿಷಯ, ಯಾರಿಗೂ ಬೇಡವಾದ ಇಬ್ಬರು ನನಗೆ ಸಿಕ್ಕಿದರು. ಅವರಿಗೂ ಬೇಡವಾದವನು ನಾನೇ ಅಂತ ಈಗ ಅನಿಸುತ್ತದೆ.

---

ನೇರಮಾತು · ಆಗಸ್ಟ್ 12

ಬೇಜಾರು ಮಾಡ್ಕೋಬೇಡಿ. ಒಂದು ವರ್ಷಕ್ಕೆ ಅಷ್ಟು ದುಡ್ಡು ಸುರಿದು ವಾಪಸ್ ಬಂದರೆ ಅದೇ ತೋಟ ತಾನೇ? ಗಂಡ, ಮಗನನ್ನು ಕರೆದುಕೊಂಡು ಹೋಗಲೂ ಆಗುವುದಿಲ್ಲ. 2024ರ ಜನವರಿಯಿಂದ ಮಾಸ್ಟರ್ಸ್ ಓದುವವರಿಗೆ ಅದನ್ನು ನಿಲ್ಲಿಸಿದ್ದಾರೆ. ಓರಿಯೆಂಟೇಶನ್ ಆಮೇಲಿನ ಮಾತು.

---

ಕಕ್ಕಬ್ಬೆ_ಅಕ್ಕ · ಆಗಸ್ಟ್ 12

ಹೌದು, ಅದೇ ತೋಟ. ಆ ತೋಟಕ್ಕಾಗಿಯೇ ಓದು. 2018ರ ಆಗಸ್ಟ್‌ನಲ್ಲಿ ಗುಡ್ಡ ಜಾರಿದ್ದನ್ನು ಕಣ್ಣಾರೆ ನೋಡಿದವಳು ನಾನು. ನಮ್ಮ ಇಳಿಜಾರಿನಲ್ಲಿ ಯಾವ ಮರ ಇರಬೇಕು, ಯಾವುದನ್ನು ತೆಗೆಯಬಹುದು ಅನ್ನುವುದು ನನಗೆ ಅಂದಾಜಿನಲ್ಲಿ ಅಲ್ಲ, ಸರಿಯಾಗಿ ಗೊತ್ತಾಗಬೇಕು. ದುಡ್ಡು ನನ್ನ ಮೆಣಸಿನದು.

ಬೇತ್ರಿಯವರೇ, ಮನೆ ಹೆಸರಿನ ವಿಷಯ ತಲೆಗೇ ಬಂದಿರಲಿಲ್ಲ. ಥ್ಯಾಂಕ್ಸ್. ಇಮೇಲ್ ಹಾಕಿದ್ದೇನೆ. ಬೋರ್ಡೋ ನನ್ನ ತಮ್ಮ ನೋಡಿಕೊಳ್ಳುತ್ತಾನಂತೆ. ನಮ್ಮ ಕೈಲ್‌ಪೊಳ್ದ್ ಹಬ್ಬ ಮುಗಿಸಿ ಹೊರಡುತ್ತೇನೆ. ಹೋಗಿ ಬಂದ ಕಥೆ ಇಲ್ಲೇ ಬರೆಯುತ್ತೇನೆ.

---

ಮಳೆಗಾಲದ_ಗೌಡ · ಆಗಸ್ಟ್ 13

ಕೊಡೆ ಮಾತ್ರ ತೆಗೆದುಕೊಂಡು ಹೋಗಬೇಡಿ. ವೇಲ್ಸ್‌ನಲ್ಲಿ ಮಳೆ ಮೇಲಿಂದ ಬೀಳುವುದಿಲ್ಲ, ಪಕ್ಕದಿಂದ ಬರುತ್ತದೆ.

---

ಕಕ್ಕಬ್ಬೆ_ಅಕ್ಕ · ಅಕ್ಟೋಬರ್ 1

ಬರೆಯುತ್ತೇನೆ ಅಂದಿದ್ದೆ ಅಲ್ವಾ, ಬರೆಯುತ್ತಿದ್ದೇನೆ. ಸ್ವಲ್ಪ ಉದ್ದ ಆಗುತ್ತದೆ.

ಮ್ಯಾಂಚೆಸ್ಟರ್‌ನಲ್ಲಿ ವಿಮಾನ ಇಳಿದು ರೈಲು ಹಿಡಿದೆ. ಜಿಲ್ಲೆಯಲ್ಲೇ ರೈಲು ಇಲ್ಲದ ಊರಿನವಳಿಗೆ ಎರಡು ಸೂಟ್‌ಕೇಸ್ ಎಳೆದುಕೊಂಡು ಚೆಸ್ಟರ್‌ನಲ್ಲಿ ರೈಲು ಬದಲಿಸುವುದೇ ದೊಡ್ಡ ಪರೀಕ್ಷೆ. ಅಲ್ಲಿಂದ ಮುಂದೆ ಬಲಗಡೆ ಸಮುದ್ರ ಪಕ್ಕದಲ್ಲೇ ಬರುತ್ತದೆ. ನಾನು ನೋಡಲಿಲ್ಲ, ಸೂಟ್‌ಕೇಸ್ ಕಾಯುತ್ತಿದ್ದೆ.

ಸೋಮವಾರ ಎನ್‌ರೋಲ್‌ಮೆಂಟ್. ದೊಡ್ಡ ಹಾಲ್, ಉದ್ದ ಸಾಲು. ನನ್ನ ಮುಂದಿದ್ದ ಹುಡುಗನಿಗೆ ನನ್ನ ಮಗನಿಗಿಂತ ಎರಡು ವರ್ಷ ಜಾಸ್ತಿ ಇರಬಹುದು. ಅವನು ತಿರುಗಿ, 'ನೀವು ಮಗುವನ್ನು ಬಿಡಲು ಬಂದಿದ್ದೀರಾ' ಅಂತ ಕೇಳಿದ. ಪಾಪ, ಒಳ್ಳೆಯ ಮನಸ್ಸಿನಿಂದಲೇ ಕೇಳಿದ್ದು. 'ಇಲ್ಲ, ಮಗುವನ್ನು ಬಿಟ್ಟು ಬಂದಿದ್ದೇನೆ' ಅಂದೆ. ಅವನಿಗೆ ಅರ್ಥವಾಗಲಿಲ್ಲ.

ಮೇಜಿನ ಹತ್ತಿರ ಪಾಸ್‌ಪೋರ್ಟ್, ಇವೀಸಾ, ಡಿಗ್ರಿ ಒರಿಜಿನಲ್ ಕೇಳಿದರು. ಈಗ ಪ್ಲಾಸ್ಟಿಕ್ ಕಾರ್ಡ್ ಕೊಡುವುದಿಲ್ಲ, ವೀಸಾ ಎಲ್ಲ ಆನ್‌ಲೈನ್ ಖಾತೆಯಲ್ಲೇ. ಬೇತ್ರಿಯವರು ಹೇಳಿದ ಹಾಗೇ ಆಯಿತು. ಡಿಗ್ರಿಯಲ್ಲಿ ಒಂದು ಹೆಸರು, ಪಾಸ್‌ಪೋರ್ಟ್‌ನಲ್ಲಿ ಇನ್ನೊಂದು. ಮದುವೆ ಸರ್ಟಿಫಿಕೇಟ್ ತೋರಿಸಿದೆ. ಮೇಜಿನ ಹುಡುಗಿ ಅದನ್ನು ಸ್ಕ್ಯಾನ್ ಮಾಡಿ, ಹೆಸರಿನ ಮೊದಲ ಪದ ಏನು ಅಂತ ಕೇಳಿದಳು. ಅದು ನಮ್ಮ ಒಕ್ಕದ ಹೆಸರು, ಒಂದೇ ಮೂಲದ ಮನೆತನದವರೆಲ್ಲರಿಗೂ ಅದೇ ಇರುತ್ತದೆ ಅಂತ ಹೇಳಿದೆ. ಅವಳು ಪಕ್ಕದವಳ ಕಡೆ ತಿರುಗಿ ವೆಲ್ಷ್‌ನಲ್ಲಿ ಏನೋ ಹೇಳಿದಳು. ಇಬ್ಬರೂ ತಲೆಯಾಡಿಸಿದರು. ಮತ್ತೆ ನನ್ನ ಕಡೆ ತಿರುಗಿ ಇಂಗ್ಲಿಷ್.

ಇದನ್ನು ನಾನು ನೂರು ಸಲ ನೋಡಿದ್ದೇನೆ. ವಿರಾಜಪೇಟೆಯ ಅಂಗಡಿಯಲ್ಲಿ ನಾವು ನಮ್ಮ ಭಾಷೆ ಕೊಡವ ತಕ್ಕ್‌ನಲ್ಲಿ ಮಾತಾಡುತ್ತಿರುತ್ತೇವೆ. ಹೊರಗಿನವರು ಬಂದ ಕೂಡಲೇ ಕನ್ನಡಕ್ಕೆ ತಿರುಗುತ್ತೇವೆ. ಅವರು ಹೋದ ಮೇಲೆ ನಿಲ್ಲಿಸಿದ ಜಾಗದಿಂದಲೇ ಮುಂದುವರಿಸುತ್ತೇವೆ. ಆ ಹೊರಗಿನವರ ಜಾಗದಲ್ಲಿ ನಾನು ನಿಂತದ್ದು ಇದೇ ಮೊದಲು.

ಇಲ್ಲಿ ಬೋರ್ಡುಗಳಲ್ಲಿ ಮೊದಲು ವೆಲ್ಷ್, ಆಮೇಲೆ ಇಂಗ್ಲಿಷ್. ರಸ್ತೆಯ ಮೇಲೆ ದೊಡ್ಡದಾಗಿ 'ಅರಾಫ್' ಅಂತ ಬರೆದಿರುತ್ತದೆ. ಮೊದಲ ದಿನ ಯಾರೋ ಲೀಡರ್ ಹೆಸರು ಅಂದುಕೊಂಡಿದ್ದೆ. ನಿಧಾನ ಅಂತ ಅರ್ಥವಂತೆ. ಸ್ವಾಗತ ಭಾಷಣ 'ಕ್ರೋಯ್ಸೊ' ಅಂತ ಶುರುವಾಯಿತು. ನಮಗೆ ಅನುವಾದ ಕೇಳಲು ಹೆಡ್‌ಫೋನ್ ಕೊಟ್ಟಿದ್ದರು. ನನ್ನ ಸೈಲೆಂಟ್ ಡಿಸ್ಕೋ ಅಲ್ಲಿಗೇ ಮುಗಿಯಿತು ಅಂತ ಮಗನಿಗೆ ಮೆಸೇಜ್ ಹಾಕಿದೆ. 2021ರ ಜನಗಣತಿಯಲ್ಲಿ ವೇಲ್ಸ್‌ನ 17.8 ಪರ್ಸೆಂಟ್ ಜನ ವೆಲ್ಷ್ ಬರುತ್ತದೆ ಅಂದಿದ್ದಾರೆ, ಅಂದರೆ ಐದು ಲಕ್ಷಕ್ಕೂ ಜಾಸ್ತಿ. ನಮ್ಮ ಕೊಡವ ತಕ್ಕ್ ಆಡುವವರು 2011ರ ಲೆಕ್ಕದಲ್ಲಿ 1,13,857. ಆದರೂ ಇಲ್ಲಿಯವರು 'ನಮ್ಮದು ಕಡಿಮೆ ಆಗುತ್ತಿದೆ' ಅಂತ ಅಳುತ್ತಾರೆ. ನಾನು ಬಾಯಿ ಮುಚ್ಚಿಕೊಂಡಿದ್ದೆ.

ಮಂಗಳವಾರ ನಮ್ಮ ಡಿಪಾರ್ಟ್‌ಮೆಂಟಿನವರ ಪರಿಚಯದ ಆಟ. ಪ್ರತಿಯೊಬ್ಬರೂ ತಮ್ಮ ಬಗ್ಗೆ ಎರಡು ನಿಜ, ಒಂದು ಸುಳ್ಳು ಹೇಳಬೇಕು. ಉಳಿದವರು ಸುಳ್ಳು ಯಾವುದು ಅಂತ ಕಂಡುಹಿಡಿಯಬೇಕು. ಹಿಂದಿನ ರಾತ್ರಿಯೇ ಹೊಟ್ಟೆಯೊಳಗೆ ಕಲಸಿದ ಹಾಗೆ ಆಗಿತ್ತು. ನಾನು ಹೇಳಿದ ಮೂರು: ಈ ಮಾರ್ಚ್‌ನಲ್ಲಿ ಆನೆ ನಮ್ಮ ಗೇಟು ಮುರಿಯಿತು. ನಮ್ಮ ಜಿಲ್ಲೆಯಲ್ಲಿ ಒಂದೂ ರೈಲ್ವೆ ಸ್ಟೇಷನ್ ಇಲ್ಲ. ನಮ್ಮ ಜಿಲ್ಲೆಯ ಅತಿ ಎತ್ತರದ ಬೆಟ್ಟವನ್ನು ಹತ್ತು ಸಲ ಹತ್ತಿದ್ದೇನೆ.

ಅರ್ಧ ಜನ ಆನೆ ಸುಳ್ಳು ಅಂದರು. ಮಿಕ್ಕವರು ರೈಲು ಸುಳ್ಳು ಅಂದರು. ತಡಿಯಂಡಮೋಳ್ ನಮ್ಮ ಅಂಗಳದಿಂದ ಕಾಣುತ್ತದೆ. 1,748 ಮೀಟರ್. ಬೆಂಗಳೂರಿನವರೆಲ್ಲ ಹತ್ತಿ ಫೋಟೋ ಹಾಕುತ್ತಾರೆ. ನಾನು ಒಂದು ಸಲವೂ ಹತ್ತಿಲ್ಲ, ಯಾವಾಗಲೂ ಕೆಲಸ. ಇದನ್ನು ಹೇಳಿದಾಗ ಎಲ್ಲರೂ ನಕ್ಕರು, ನಾನೂ ನಕ್ಕೆ. ಇಲ್ಲಿಯ ದೊಡ್ಡ ಬೆಟ್ಟ ಅರ್ ವಿದ್ವ, ಅಂದರೆ ಸ್ನೋಡನ್, 1,085 ಮೀಟರ್. 'ಹಾಗಾದರೆ ಇದನ್ನಾದರೂ ಹತ್ತಿ' ಅಂತ ಘಾನಾದ ಒಬ್ಬ ಹೇಳಿದ. ಅವನಿಗೆ 39. ಇಡೀ ಕ್ಲಾಸಿನಲ್ಲಿ ಮೂವತ್ತು ದಾಟಿದವರು ನಾವು ನಾಲ್ಕು ಜನ ಇದ್ದೇವೆ. ನಾನು ಒಬ್ಬಳೇ ಅಂತ ಎಷ್ಟು ಹೆದರಿದ್ದೆ! ಇಲ್ಲಿ ಡಿಗ್ರಿಗೆ 21 ದಾಟಿ ಸೇರಿದವರನ್ನೇ 'ಮೆಚ್ಯೂರ್ ಸ್ಟೂಡೆಂಟ್' ಅನ್ನುತ್ತಾರೆ. ಆ ಲೆಕ್ಕದಲ್ಲಿ ನಾನು ಎರಡು ಸಲ ಮೆಚ್ಯೂರ್.

ಅವಮಾನ ಅಂತ ಅನಿಸಿದ್ದು ಬೇರೆ ಕಡೆ. ನಮ್ಮ ಟ್ಯೂಟರ್ ನಿಮ್ಮ ತೋಟದಲ್ಲಿ ನೆರಳಿಗೆ ಯಾವ ಮರಗಳಿವೆ ಅಂತ ಕೇಳಿದರು. ಬೀಟೆ, ಹೊನ್ನೆ, ನಂದಿ, ಹಲಸು, ಅತ್ತಿ ಅಂತ ಬಾಯಿಗೆ ಬಂತು. ಸಸ್ಯಶಾಸ್ತ್ರದ ಹೆಸರು ಒಂದೂ ಬರಲಿಲ್ಲ. ಪೊನ್ನಂಪೇಟೆಯಲ್ಲಿ ನಿದ್ದೆಯಲ್ಲೂ ಹೇಳುತ್ತಿದ್ದ ಹೆಸರುಗಳು! ರಾತ್ರಿ ಹಾಸ್ಟೆಲ್ ರೂಮಿನಲ್ಲಿ ಪಾತ್ರೆ ತೊಳೆಯುವಾಗ ಬೀಟೆಯ ಹೆಸರು ತನ್ನಷ್ಟಕ್ಕೆ ಬಂತು: ಡಾಲ್ಬರ್ಜಿಯಾ ಲ್ಯಾಟಿಫೋಲಿಯಾ. ಆಮೇಲೆ ಹೊನ್ನೆಯದು, ಟೆರೋಕಾರ್ಪಸ್ ಮಾರ್ಸೂಪಿಯಂ. ಒಬ್ಬಳೇ ಜೋರಾಗಿ ಹೇಳಿಕೊಂಡೆ. ಪಕ್ಕದ ರೂಮಿನ ಹುಡುಗಿ ಬಾಗಿಲು ತಟ್ಟಿ, ಆರಾಮಾಗಿದ್ದೀರಾ ಅಂತ ವಿಚಾರಿಸಿದಳು.

ಈಗ ಮೂಲ ಪ್ರಶ್ನೆ, ಆ ವಾರ ಬೇಕಾ ಅಂತ. ಟ್ರೆಷರ್ ಹಂಟ್ ಬಿಟ್ಟೆ. ಪಿಜ್ಜಾಕ್ಕೆ ಹೋದೆ, ಎರಡು ತುಂಡು ತಿಂದು ಬಂದೆ. ಸ್ಟಾಲುಗಳ ಮೇಳದಲ್ಲಿ ಆರು ಪೆನ್ನು, ಒಂದು ಚೀಲ ಸಿಕ್ಕಿತು. ಇವು ಯಾವುದೂ ಇಲ್ಲದಿದ್ದರೂ ನಡೆಯುತ್ತಿತ್ತು. ಆದರೆ ಲೈಬ್ರರಿಯಲ್ಲಿ ಕಳೆದ ಒಂದೂವರೆ ಗಂಟೆಯನ್ನು ನಾನು ಬಿಟ್ಟಿದ್ದರೆ ಈ ವರ್ಷವೇ ಹಾಳಾಗುತ್ತಿತ್ತು.

ಯಾಕೆ ಹೇಳುತ್ತೇನೆ. ನಾವು ಓದಿದ ಕಾಲ ನೆನಪಿದೆ ಅಲ್ವಾ? ಪುಸ್ತಕದಿಂದ ಪ್ಯಾರಾ ಪ್ಯಾರಾ ಎತ್ತಿ, ಚಂದದ ಅಕ್ಷರದಲ್ಲಿ ಬರೆದು, ಮಾರ್ಜಿನ್ ಹೊಡೆದು ಕೊಟ್ಟರೆ ಶಹಬ್ಬಾಸ್. ಇಲ್ಲಿ ಅದು ಕಳ್ಳತನ. ಅಸೈನ್‌ಮೆಂಟ್ ಆನ್‌ಲೈನ್‌ನಲ್ಲಿ ಹಾಕುತ್ತೇವೆ. ಅದು ಟರ್ನಿಟಿನ್ ಎಂಬ ಸಾಫ್ಟ್‌ವೇರ್‌ನಿಂದ ಹಾದುಹೋಗುತ್ತದೆ. ಬೇರೆ ಕಡೆಯ ಬರಹದ ಜೊತೆ ಎಷ್ಟು ಪರ್ಸೆಂಟ್ ಹೊಂದುತ್ತದೆ, ಯಾವ ಸಾಲು ಎಲ್ಲಿಯದು, ಬಣ್ಣ ಬಣ್ಣದಲ್ಲಿ ತೋರಿಸುತ್ತದೆ. ಪರ್ಸೆಂಟ್ ಜಾಸ್ತಿ ಬಂದ ಮಾತ್ರಕ್ಕೆ ತಪ್ಪು ಅಂತ ಅಲ್ಲ, ಓದಿ ತೀರ್ಮಾನ ಮಾಡುವವರು ಮೇಷ್ಟ್ರೇ. ಆದರೆ ಮೂಲ ಹೇಳದೆ ಬೇರೆಯವರ ಮಾತನ್ನು ನಮ್ಮದು ಅಂತ ಕೊಟ್ಟರೆ ಗೊತ್ತಿರಲಿಲ್ಲ ಅನ್ನುವ ಮಾತು ನಡೆಯುವುದಿಲ್ಲ. ಮಾತು ಬದಲಿಸಿ ಬರೆದರೂ ಯೋಚನೆ ಯಾರದು ಅಂತ ಹೇಳಬೇಕು. ಎಐ ಬಳಸುವ ಬಗ್ಗೆ ಒಂದೊಂದು ಅಸೈನ್‌ಮೆಂಟ್‌ಗೆ ಒಂದೊಂದು ನಿಯಮ. ನಾನು ಎರಡು ಪುಟ ನೋಟ್ಸ್ ಮಾಡಿಕೊಂಡೆ. ಪಕ್ಕದ ಹುಡುಗಿ ಫೋನ್ ನೋಡುತ್ತಿದ್ದಳು. ಅವಳಿಗೆ ಇದೆಲ್ಲ ಸ್ಕೂಲಿನಲ್ಲೇ ಗೊತ್ತು. 2005ರಲ್ಲಿ ಬಿಟ್ಟು ಬಂದವರಿಗೆ ಗೊತ್ತಿರುವುದಿಲ್ಲ. ಲೈಬ್ರರಿಯ ಹೆಂಗಸು ನನ್ನ ವಯಸ್ಸಿನವಳೇ. ಕೊನೆಗೆ ಕೂತು ಒಂದು ಉಲ್ಲೇಖವನ್ನು ನನ್ನ ಕೈಯಲ್ಲೇ ಬರೆಸಿದಳು.

ವೀಸಾ ಸಭೆಯಲ್ಲೂ ಒಂದು ಉಪಕಾರ ಆಯಿತು. ಕ್ಲಾಸು ನಡೆಯುವಾಗ ವಾರಕ್ಕೆ 20 ಗಂಟೆ ಕೆಲಸ ಮಾಡಬಹುದು, ಅದು ಗೊತ್ತಿತ್ತು. ಸ್ವಂತ ವ್ಯಾಪಾರ ಮಾಡುವಂತಿಲ್ಲ, ಅದು ಗೊತ್ತಿರಲಿಲ್ಲ. ಮನೆಯ ಕಾಫಿಪುಡಿ ಪೊಟ್ಟಣ ಕಟ್ಟಿ ಇಲ್ಲಿ ಮಾರಿದರೆ ಹೇಗೆ ಅಂತ ಗಂಡನ ಜೊತೆ ಲೆಕ್ಕ ಹಾಕಿದ್ದೆ, ಲೇಬಲ್ ಕೂಡ ಯೋಚಿಸಿದ್ದೆ. ಅದಕ್ಕೆ ಅಲ್ಲೇ ತಿಲಾಂಜಲಿ. ಇನ್ನೊಂದು, ಎಂಎಸ್ಸಿಯವರಿಗೆ ಬೇಸಿಗೆ ರಜೆ ಅಂದರೆ ರಜೆ ಅಲ್ಲ. ಆಗ ಥೀಸಿಸ್ ನಡೆಯುತ್ತಿರುತ್ತದೆ, 20 ಗಂಟೆಯ ಮಿತಿ ಹಾಗೇ ಇರುತ್ತದೆ. ಹೋಮ್ ಆಫೀಸ್ ಅಂತ ಫೋನ್ ಮಾಡಿ ದುಡ್ಡು ಕೇಳುವ ಕಳ್ಳರ ಬಗ್ಗೆಯೂ ಹೇಳಿದರು. ಅದಕ್ಕೆ ನಾವು ಊರಿನಲ್ಲೇ ಪಳಗಿದ್ದೇವೆ.

ಹಾಂ, ಡಾಕ್ಟರ್ ನೋಂದಣಿ ಮೊದಲ ವಾರವೇ ಮಾಡಿಸಿ. ವೇಲ್ಸ್‌ನಲ್ಲಿ ಚೀಟಿ ಬರೆದುಕೊಟ್ಟ ಔಷಧಿಗೆ ದುಡ್ಡಿಲ್ಲ. ಇಂಗ್ಲೆಂಡಿನಲ್ಲಿ ಇದೆ.

ಮೇಷ್ಟ್ರನ್ನು ಹೆಸರು ಹಿಡಿದು ಕರೆಯಿರಿ ಅನ್ನುತ್ತಾರೆ. ನನ್ನಿಂದ ಆಗುತ್ತಿಲ್ಲ. ಹೆಸರು ಹೇಳಿ ಆಮೇಲೆ ಸಣ್ಣಗೆ 'ಸರ್' ಸೇರಿಸುತ್ತೇನೆ.

---

ಸೋಮವಾರಪೇಟೆ_ಸಂತೆ · ಅಕ್ಟೋಬರ್ 1

ಗ್ರೂಪ್ ಪ್ರಾಜೆಕ್ಟ್ ಹಂಚಿದರಾ?

---

ಕಕ್ಕಬ್ಬೆ_ಅಕ್ಕ · ಅಕ್ಟೋಬರ್ 1

ನಿಮ್ಮ ಕಥೆ ನೆನಪಿಟ್ಟುಕೊಂಡೇ ಪಿಜ್ಜಾಕ್ಕೆ ಹೋದದ್ದು. ಘಾನಾದವನು, ನಾನು, ಇನ್ನು ಇಲ್ಲಿಯ ಕುರಿ ಸಾಕುವ ಮನೆಯ ಒಬ್ಬ ಹುಡುಗಿ. ವಿಷಯ ಇಳಿಜಾರಿನಲ್ಲಿ ಮರ ಮತ್ತು ಮಣ್ಣು. ಜಗಳ ಆಗಲೇ ಶುರುವಾಗಿದೆ. ಅವಳಿಗೆ ಕುರಿ ಬೇಕು, ನನಗೆ ಮರ ಬೇಕು.

---

ಜನವರಿ_ಬ್ಯಾಚ್ · ಅಕ್ಟೋಬರ್ 2

ಅಕ್ಕ, ನಾನು ಗೋಣಿಕೊಪ್ಪದವಳು. ಜನವರಿಗೆ ಇಂಗ್ಲೆಂಡಿಗೆ ಬರುತ್ತಿದ್ದೇನೆ. ಕೆಲಸ ಬಿಟ್ಟು ಆರು ವರ್ಷದ ಮೇಲೆ ಓದು. ನಿಮ್ಮದನ್ನು ಓದಿ ಲೈಬ್ರರಿ ಕ್ಲಾಸ್ ಬರೆದಿಟ್ಟುಕೊಂಡೆ. ಒಂದೇ ಪ್ರಶ್ನೆ: ಅಡುಗೆಗೆ ಹಾಕುವ ನಮ್ಮ ಹುಳಿರಸ ಕಾಚಂಪುಳಿ ತರಬಹುದಾ? ಅಮ್ಮ ಹಂದಿ ಉಪ್ಪಿನಕಾಯಿ ಹಾಕಿಡುತ್ತೇನೆ ಅನ್ನುತ್ತಿದ್ದಾರೆ.

---

ಕಕ್ಕಬ್ಬೆ_ಅಕ್ಕ · ಅಕ್ಟೋಬರ್ 2

ಹಂದಿ ಉಪ್ಪಿನಕಾಯಿ ಬೇಡವೇ ಬೇಡ. ಭಾರತದಿಂದ ಮಾಂಸ, ಹಾಲಿನ ಪದಾರ್ಥ ಒಳಗೆ ತರುವಂತಿಲ್ಲ. ತುಪ್ಪವೂ ಅದರಲ್ಲೇ ಬರುತ್ತದೆ. ಕಾಫಿಪುಡಿ, ಕರಿಮೆಣಸು ನಾನು ತಂದಿದ್ದೇನೆ, ಏನೂ ತೊಂದರೆ ಆಗಲಿಲ್ಲ. ಕಾಚಂಪುಳಿಯನ್ನೂ ತಂದೆ. ಬಾಟಲಿಗೆ ಎರಡು ಪ್ಲಾಸ್ಟಿಕ್ ಸುತ್ತಿದ್ದೆ, ಮೂರು ಸುತ್ತಬೇಕಿತ್ತು. ಬೂದು ಸ್ವೆಟರ್ ಹಾಕಿಕೊಂಡು ಕ್ಲಾಸಿಗೆ ಹೋದರೆ ಈಗಲೂ ಎಲ್ಲರೂ ಮೂಗು ಎಳೆಯುತ್ತಾರೆ. ಅದೇನು ವಾಸನೆ ಅಂತ ಯಾರೂ ಕೇಳಿಲ್ಲ. ಕೇಳಿದರೆ ಆ ಹುಳಿಹಣ್ಣಿನ ಸಸ್ಯಶಾಸ್ತ್ರದ ಹೆಸರು ಹೇಳಲು ತಯಾರಿದ್ದೇನೆ: ಗಾರ್ಸೀನಿಯಾ ಗಮ್ಮಿಗಟ್ಟಾ.

ನಾಳೆ 9ಕ್ಕೆ ಮೊದಲ ಫೀಲ್ಡ್. ಮಳೆಗಾಲದ ಗೌಡರು ಹೇಳಿದ್ದು ನಿಜ, ಮಳೆ ಪಕ್ಕದಿಂದಲೇ ಬರುತ್ತದೆ. ಬೂಟು ಇನ್ನೂ ಒಣಗಿಲ್ಲ.